ಎಣ್ಣೆ ಹಚ್ಚಿದ ಕಲ್ಲುಗಳು

ಚಾಮರಾಜಪೇಟೆಯ ಆ ಹಳೇ ಮನೆಯಲ್ಲಿ ಊಟದ ಮೇಜು ಕಿಟಕಿಗೆ ಅಂಟಿಕೊಂಡಿದೆ. ಬೆಳಕು ಸರಿಯಾಗಿ ಬೀಳುವುದು ಅದೊಂದೇ ಜಾಗದಲ್ಲಿ. ತಿಂಡಿಯ ತಟ್ಟೆಗಳು ಎದ್ದ ಕೂಡಲೇ ವಿಶಾಲಮ್ಮ ಮೇಜು ಒರೆಸಿ, ತನ್ನದೊಂದು ಸವೆದ ಹತ್ತಿ ಸೀರೆಯನ್ನು ಮಡಿಸಿ ಹಾಸಿ, ಅದರ ಮೇಲೆ ಗೋಣಿಚೀಲದಿಂದ ಕಲ್ಲು ಸುರಿದುಕೊಳ್ಳುತ್ತಿದ್ದಳು. ಬಿಳಿಯವು, ಕರಿಯವು, ಕೆಂಪಿನವು, ಹೊಳೆಯುವವು, ಮಂಕಾದವು, ಎಲ್ಲ ನೆಲ್ಲಿಕಾಯಿ ಗಾತ್ರದ ಚೂರುಗಳು. ಒಂದೊಂದನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಬಗೆ ಬೇರೆ ಮಾಡಿ ಗುಡ್ಡೆ ಹಾಕುವುದು ಅವಳ ಕೆಲಸ.

ಗುಡ್ಡೆಗಳು ಒಂದು ರೂಪಕ್ಕೆ ಬರುವ ಹೊತ್ತಿಗೆ ಸರಿಯಾಗಿ ಅವಳ ಗಂಡ ರಾಮಾಂಜಿನಪ್ಪ ಪೇಪರ್ ಮಡಿಸುತ್ತಿದ್ದ. "ಊಟಕ್ಕೆ ಇನ್ನೂ ಎಷ್ಟೊತ್ತೇ?"

ಆಗ ಸೀರೆಯ ತುದಿಗಳನ್ನು ಒಟ್ಟು ಮಾಡಿ ಗಂಟು ಕಟ್ಟಿ ಮೇಜಿನಡಿಗೆ ಇಳಿಸಬೇಕು. ಬೆಳಗಿನಿಂದ ಬೇರ್ಪಡಿಸಿದ್ದೆಲ್ಲ ಗಂಟಿನೊಳಗೆ ಮತ್ತೆ ಬೆರೆತುಹೋಗುತ್ತಿತ್ತು. ಊಟ ಬಡಿಸಿ, ಉಂಡು, ಪಾತ್ರೆ ತೊಳೆದು, ಮೇಜು ಒರೆಸಿ, ಗಂಟು ಬಿಚ್ಚಿ ಮತ್ತೆ ಮೊದಲಿನಿಂದ. ಗುಡ್ಡೆಗಳು ಇನ್ನೇನು ಮೇಲೇಳಬೇಕು, ಕಾಫಿಯ ಹೊತ್ತು. ಮತ್ತೆ ಗಂಟು.

"ಲೇಟ್ ಮಾಡ್ತಿರೋದು ಕಲ್ಲಲ್ಲ ಕಣಮ್ಮ," ಎಂದು ಅವಳು ಮಹಡಿ ಮನೆಯ ಶರಣ್ಯಳಿಗೆ ಹೇಳುತ್ತಿದ್ದಳು. "ಊಟ."

ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಬೆಳಗ್ಗೆ ಹರಡಿದ ಕಲ್ಲು ಸಂಜೆಯವರೆಗೆ ಹರಡಿದ ಹಾಗೇ ಇರಬೇಕು. ಅಷ್ಟೇ. ಆದರೆ ಆ ಮಾತನ್ನು ಅವಳು ಮನೆಯವರ ಮುಂದೆ ಯಾವತ್ತೂ ಆಡಿರಲಿಲ್ಲ. ಊಟದ ಮೇಜು ಊಟಕ್ಕಲ್ಲದೆ ಇನ್ನೇನಕ್ಕೆ ಎಂದು ಯಾರಾದರೂ ಕೇಳಿದರೆ ಕೊಡಲು ಉತ್ತರವಿರಲಿಲ್ಲ.

ಶರಣ್ಯ ಆ ಮಹಡಿಯ ಒಂಟಿ ಕೋಣೆಗೆ ಬಾಡಿಗೆಗೆ ಬಂದವಳು. ಮೊದಲು ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಆಮೇಲೆ ಅದನ್ನು ಬಿಟ್ಟು ಮಕ್ಕಳಿಗೆ ಕಲ್ಲು ಗುರುತಿಸುವ ಪೆಟ್ಟಿಗೆ ಮಾಡಲು ಶುರುಮಾಡಿದಳು. ರಟ್ಟಿನ ಪೆಟ್ಟಿಗೆ, ಒಳಗೆ ಸಣ್ಣ ಸಣ್ಣ ಮನೆಗಳು, ಮನೆಗೊಂದು ಕಲ್ಲು. ಜೊತೆಗೆ ಹೊಳಪಿಲ್ಲದ ಬಿಳಿ ಟೈಲ್ಸಿನ ಒಂದು ತುಂಡು, ಒಂದು ಮೊಳೆ, ಒಂದು ಅಯಸ್ಕಾಂತ, ಒಂದು ಭೂತಗನ್ನಡಿ, ಪುಟ್ಟ ಸೀಸೆಯಲ್ಲಿ ವಿನೆಗರ್. ಯಾವ ಕಲ್ಲಿನ ಮೇಲೂ ಹೆಸರು ಬರೆದಿರುವುದಿಲ್ಲ. ಟೈಲ್ಸಿನ ಮೇಲೆ ಗೀಚಿ, ಮೊಳೆಯಿಂದ ಕೆರೆದು, ಹನಿ ಬಿಟ್ಟು ನೋಡಿ ಮಕ್ಕಳೇ ಕಂಡುಹಿಡಿಯಬೇಕು.

ಆ ಕೆಲಸ ವಿಶಾಲಮ್ಮನಿಗೆ ಬಂದದ್ದು ಮೆಟ್ಟಿಲ ಮೇಲೆ. ಒಂದು ದಿನ ಶರಣ್ಯ ಹೊತ್ತು ತರುತ್ತಿದ್ದ ಚೀಲಗಳು ಕೈಜಾರಿ ಎಲ್ಲ ಬಗೆಯ ಕಲ್ಲೂ ಮೆಟ್ಟಿಲುದ್ದಕ್ಕೂ ಉರುಳಿ ಒಂದಾಗಿಬಿಟ್ಟವು. ಹುಡುಗಿ ಅಲ್ಲೇ ಕುಸಿದು ಕೂತಳು. ವಿಶಾಲಮ್ಮ ಒಳಗೆ ಹೋಗಿ ಅಟ್ಟದ ಮೇಲಿಂದ ಮೊರ ಇಳಿಸಿಕೊಂಡು ಬಂದಳು.

ಮಾಗಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಈ ಮನೆಗೆ ಬಂದಾಗ ಅವಳಿಗೆ ಮೊದಲು ಕೊಟ್ಟದ್ದೂ ಮೊರವೇ. ಅತ್ತೆ, ಮಾವ, ಮೈದುನಂದಿರು, ಮಾಮೂಲ್‌ಪೇಟೆಯ ಮನೆಯವರ ಹಗ್ಗದ ಅಂಗಡಿಯಲ್ಲಿ ಕೆಲಸಕ್ಕಿದ್ದವರು, ಎಲ್ಲರಿಗೂ ಅನ್ನವಾಗಬೇಕು. ರೇಷನ್ ಅಕ್ಕಿಯಲ್ಲಿ ಅಕ್ಕಿಯಷ್ಟೇ ಕಲ್ಲು. ಹಲ್ಲಿಗೆ ಒಂದು ಕಲ್ಲು ಸಿಕ್ಕರೂ ಮಾವ ತಟ್ಟೆ ತಳ್ಳಿ ಏಳುತ್ತಿದ್ದರು. ಸಾವಿರ ಕಲ್ಲು ತೆಗೆದದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಉಳಿದ ಒಂದು ಮಾತ್ರ ಇಡೀ ಬೀದಿಗೆ ಕೇಳಿಸುತ್ತಿತ್ತು. ಹೀಗೆ ಅವಳ ಬೆರಳಿಗೆ ಕಣ್ಣು ಬಂದಿತ್ತು. ಆಮೇಲೆ ಪ್ಯಾಕೆಟ್ ಅಕ್ಕಿ ಬಂತು. ಮೊರ ಅಟ್ಟ ಸೇರಿತು, ಬೆರಳಿನ ಕಣ್ಣು ಕೆಲಸವಿಲ್ಲದೆ ಕೂತಿತು.

ಅವತ್ತು ಮೆಟ್ಟಿಲ ಮೇಲೆ ಅವಳು ಹೆಸರು ಗೊತ್ತಿಲ್ಲದ ಕಲ್ಲುಗಳನ್ನು ಬೇರ್ಪಡಿಸುತ್ತ ಹೋದಳು. ತಪ್ಪೂ ಆಯಿತು. ಬೆಣಚುಕಲ್ಲು, ಸುಣ್ಣಕಲ್ಲು ಎರಡೂ ಬೆಳ್ಳಗಿದ್ದದ್ದರಿಂದ ಒಂದೇ ಗುಡ್ಡೆಗೆ ಹಾಕಿದ್ದಳು. ಮೊಮ್ಮಗಳು ಯಶಶ್ರೀ, ನಾಲ್ಕನೇ ಕ್ಲಾಸು, ಪಕ್ಕದಲ್ಲಿ ಕೂತು ವಿನೆಗರ್ ಹನಿ ಬಿಟ್ಟು ತೋರಿಸಿದಳು.

"ನೋಡಜ್ಜಿ. ಸುಣ್ಣಕಲ್ಲಾದ್ರೆ ಬುಸ್ ಅನ್ನುತ್ತೆ. ಬೆಣಚುಕಲ್ಲು ಸುಮ್ನೆ ಇರುತ್ತೆ."

"ನಿಮ್ ತಾತನ ಹಾಗೆ," ಎಂದಳು ವಿಶಾಲಮ್ಮ.

"ಯಾವ್ದು, ಬುಸ್ ಅನ್ನೋದಾ, ಸುಮ್ನಿರೋದಾ?"

"ಎರಡೂ. ಹನಿ ಯಾರು ಬಿಡ್ತಾರೆ ಅನ್ನೋದ್ರ ಮೇಲೆ."

ಶರಣ್ಯ ನಕ್ಕಳು. ಮುಂದಿನ ವಾರದಿಂದ ಚೀಲಗಳು ನೇರವಾಗಿ ಕೆಳಗಿನ ಮನೆಗೇ ಬಂದವು. ಕೆಲಸಕ್ಕೆ ಕೂಲಿಯೂ ಇತ್ತು. ಮನೆಯಲ್ಲಿ ಅದನ್ನು ಎಲ್ಲರೂ 'ಅಮ್ಮನ ಟೈಂಪಾಸು' ಎಂದರು. ಮಗ ಮನೋಹರ ಪ್ರೀತಿಯಿಂದಲೇ ಹಾಗೆಂದ. ಸೊಸೆ ತೇಜಶ್ರೀ ಮಾತ್ರ ಆಫೀಸಿನಿಂದ ಬಂದವಳು ಚಪ್ಪಲಿ ಬಿಡುತ್ತ, "ಇವತ್ತು ಎಷ್ಟು ಬಾಕ್ಸಾಯ್ತು ಅತ್ತೆ?" ಎಂದು ಕೇಳುತ್ತಿದ್ದಳು. ಆ ಮನೆಯಲ್ಲಿ ಅಡುಗೆ ಆಯಿತಾ ಎಂದು ಕೇಳಿದವರು ಬೇಕಾದಷ್ಟು ಜನ. ಕೆಲಸ ಎಷ್ಟಾಯಿತು ಎಂದು ಕೇಳಿದವಳು ಅವಳೊಬ್ಬಳೇ.

ಮಾಘ ಮಾಸದ ಒಂದು ಗುರುವಾರ ಶರಣ್ಯ ಬಾಗಿಲಲ್ಲಿ ನಿಂತು ಹೇಳಿದಳು: "ಆಂಟಿ, ಶನಿವಾರ ಬಸವನಗುಡಿಯ ಮಕ್ಕಳ ಲೈಬ್ರರೀಲಿ ಕಲ್ಲಿನ ಕ್ಲಾಸಿದೆ. ನೀವೂ ಬನ್ನಿ. ನೀವು ತುಂಬಿದ ಬಾಕ್ಸನ್ನ ಮಕ್ಕಳು ಬಿಚ್ಚೋದು ನೀವು ನೋಡೇ ಇಲ್ವಲ್ಲ. ಸೋಮವಾರ ಬೆಳಗ್ಗೆ ಶಾಲೆಯೊಂದಕ್ಕೂ ಕಳಿಸ್ಬೇಕು, ಎರಡೂ ಕಡೇದು ನಾಳೆಗೆ ತುಂಬಿಬಿಡ್ತೀರಾ?"

"ನಾನಾ? ಅಲ್ಲಿ ಬಂದು ನಾನೇನಮ್ಮ ಮಾಡ್ಲಿ?"

"ಏನೂ ಮಾಡ್ಬೇಡಿ. ಕೂತ್ಕೊಂಡು ನೋಡಿ."

ಏನೂ ಮಾಡದೆ ಕೂತು ನೋಡಲು ಅವಳನ್ನು ಯಾರೂ ಎಲ್ಲಿಗೂ ಕರೆದಿರಲಿಲ್ಲ. ಮದುವೆ ಮನೆಗೆ ಹೋದರೂ ತರಕಾರಿ ಹೆಚ್ಚುವ ಜಾಗಕ್ಕೆ ಕಾಲು ತಾನಾಗಿ ಹೋಗುತ್ತಿತ್ತು.

ಶುಕ್ರವಾರ ಶರಣ್ಯ ಮಕ್ಕಳಿಗೆ ಹಂಚುವ ಚಿತ್ರದ ಹಾಳೆ ಅಚ್ಚು ಹಾಕಿಸಲು ಬೆಳಗ್ಗೆಯೇ ಚಿಕ್ಕಪೇಟೆಯ ಪ್ರೆಸ್ಸಿಗೆ ಹೋದಳು. ವಿಶಾಲಮ್ಮ ಬೇಗ ಅಡುಗೆ ಮುಗಿಸಿ ಮೇಜಿಗೆ ಕೂತಳು. ಕಲ್ಲುಗಳನ್ನು ನೋಡಿ ಅವಳಿಗೆ ಯಾಕೋ ಸಂಕಟವಾಯಿತು. ಎಲ್ಲದರ ಮೇಲೂ ಧೂಳಿನ ಒಂದು ಪೊರೆ, ಬೂದಿ ಬಳಿದ ಹಾಗೆ. ನಾಳೆ ಮಕ್ಕಳ ಮುಂದೆ ಹೋಗುವ ಕಲ್ಲುಗಳು, ತಾನೂ ಅಲ್ಲಿರುತ್ತೇನೆ. ತಲೆ ಬಾಚದ ಮಗುವನ್ನು ಶಾಲೆಗೆ ಕಳಿಸುವ ಹಾಗೆ ಇವನ್ನು ಕಳಿಸುವುದು ಹೇಗೆ?

ಅವಳ ತವರಲ್ಲಿ ಹೊಸ ಒರಳು ಮನೆಗೆ ಬಂದರೆ ತೌಡು ಹಾಕಿ ರುಬ್ಬಿ, ತೊಳೆದು, ಎಣ್ಣೆ ಸವರಿಯೇ ಕೆಲಸಕ್ಕೆ ಇಳಿಸುತ್ತಿದ್ದದ್ದು. ಗವಿಪುರಂ ಗುಡಿಗೆ ಹೋದಾಗಲೆಲ್ಲ ಅವಳು ನೋಡಿದ ಕಲ್ಲಿನ ಮೂರ್ತಿಗಳು ಎಣ್ಣೆಯಲ್ಲಿ ಕರ್ರಗೆ ಮಿಂಚುತ್ತಿರುತ್ತಿದ್ದವು. ಕಲ್ಲಿಗೆ ಒಂದಿಷ್ಟು ಜಿಡ್ಡು ಬಿದ್ದರೇ ಅದರ ಮುಖ ಕಾಣುವುದು ಎನ್ನುವುದು ಅವಳು ಕಲಿತದ್ದಲ್ಲ, ಅವಳು ಬೆಳೆದ ಬಗೆ. ಎಳ್ಳೆಣ್ಣೆಯ ಬಟ್ಟಲಲ್ಲಿ ಬಟ್ಟೆಯ ತುದಿ ಅದ್ದಿ ಮೊದಲ ಕಲ್ಲನ್ನು ಉಜ್ಜಿದಳು.

ಕಲ್ಲು ಅರಳಿತು. ಬೂದಿ ಬಣ್ಣದ ಚೂರಿನೊಳಗಿಂದ ಗುಲಾಬಿ ಗೆರೆಗಳು ಎದ್ದು ಬಂದವು. ಕಪ್ಪು ಕಲ್ಲು ಮಳೆಯಲ್ಲಿ ನೆನೆದ ಎಮ್ಮೆಯ ಬೆನ್ನಿನಂತಾಯಿತು. ಅವಳು ಒಂದೊಂದನ್ನೂ ಅಂಗೈಯಲ್ಲಿಟ್ಟುಕೊಂಡು, ಎಳೆಮಗುವಿಗೆ ಎಣ್ಣೆ ಹಚ್ಚುವವಳ ಹಾಗೆ ಹೆಬ್ಬೆರಳಿನಿಂದ ಸವರಿ, ಒಣಬಟ್ಟೆಯಲ್ಲಿ ಒರೆಸಿ, ಪೆಟ್ಟಿಗೆಯ ಮನೆಗಳಿಗೆ ಸೇರಿಸಿದಳು. ಊಟಕ್ಕೂ ಕಾಫಿಗೂ ಗಂಟು ಕಟ್ಟಿ ಬಿಚ್ಚಿದರೂ ಬೇಸರ ಬರಲಿಲ್ಲ. ಸಂಜೆ ಶರಣ್ಯ ಬರುವಷ್ಟರಲ್ಲಿ ಎಲ್ಲ ಪೆಟ್ಟಿಗೆಗಳೂ ಮುಚ್ಚಳ ಅಂಟಿಸಿಕೊಂಡು ಸಾಲಾಗಿ ನಿಂತಿದ್ದವು. ನಾಳೆ ಹುಡುಗಿ ನೋಡಿ ಬೆರಗಾಗಲಿ ಎಂದು ವಿಶಾಲಮ್ಮ ಏನನ್ನೂ ಹೇಳಲಿಲ್ಲ.

ಶನಿವಾರ ಅವಳು ಮದುವೆ ಮುಂಜಿಗೆ ಉಡುವ ಮೈಸೂರು ಸಿಲ್ಕ್ ಉಟ್ಟಳು. ಯಶಶ್ರೀಯ ಕೈ ಹಿಡಿದು ಲೈಬ್ರರಿಯ ಹಾಲಿನ ಹಿಂದಿನ ಕುರ್ಚಿಯಲ್ಲಿ ಕೂತಳು. ಯಶಶ್ರೀ ಮುಂದೆ ಜಮಖಾನದ ಮೇಲೆ ಮಕ್ಕಳ ಜೊತೆ ಸೇರಿದಳು. ಪೆಟ್ಟಿಗೆಗಳು ತೆರೆದುಕೊಂಡವು.

"ವಾವ್, ಎಷ್ಟು ಶೈನಿಂಗು!" ಎಂದಿತು ಒಂದು ಮಗು. ವಿಶಾಲಮ್ಮ ಸೆರಗು ಸರಿಮಾಡಿಕೊಂಡಳು.

"ಬೆಳ್ಳಗಿರೋ ಕಲ್ಲು ಎರಡಿವೆ ನೋಡಿ," ಎಂದಳು ಶರಣ್ಯ. "ಎರಡಕ್ಕೂ ಒಂದೊಂದು ಹನಿ ವಿನೆಗರ್ ಹಾಕಿ. ಯಾವ್ದು ನೊರೆ ಬಿಡುತ್ತೋ ಅದು ಸುಣ್ಣಕಲ್ಲು."

ಮಕ್ಕಳು ಬಗ್ಗಿ ಕೂತರು. ಸೀಸೆಗಳ ಮುಚ್ಚಳ ತೆರೆದು ಹನಿ ಬಿಟ್ಟರು.

"ಮಿಸ್, ಎರಡೂ ಬೆಣಚುಕಲ್ಲೇ."

"ಇನ್ನೊಂದು ಹನಿ ಹಾಕು."

"ಹಾಕ್ದೆ ಮಿಸ್. ಹನಿ ಜಾರಿ ಕೆಳಗೆ ಬೀಳ್ತಿದೆ."

"ಮಿಸ್, ಟೈಲ್ಸ್ ಮೇಲೆ ಗೆರೆ ಬರ್ತಿಲ್ಲ, ಬರೀ ಅಂಟು."

"ಮಿಸ್, ನನ್ ಕೈಯೆಲ್ಲ ಜಿಡ್ಡು ಜಿಡ್ಡು!"

ಕನ್ನಡಕ ಹಾಕಿದ್ದ ಒಬ್ಬಳು ಹುಡುಗಿ ಕಲ್ಲನ್ನು ಮೂಗಿನ ಹತ್ತಿರ ಹಿಡಿದು ಘೋಷಿಸಿದಳು: "ಮಿಸ್, ಇದು ಶನಿದೇವ್ರ ಗುಡಿ ವಾಸ್ನೆ!"

ಹಾಲ್ ಪೂರ್ತಿ ನಗು. ಚಿತ್ರಗಳಿದ್ದ ಹಾಳೆಗಳ ಮೇಲೆ ಎಣ್ಣೆಯ ಚುಕ್ಕೆಗಳು ಹರಡಿ, ಹಿಂಬದಿಯ ಅಕ್ಷರಗಳು ಮುಂದೆ ಕಾಣತೊಡಗಿದ್ದವು. ಶರಣ್ಯ ಒಂದು ಕಲ್ಲು ಎತ್ತಿ ಮೂಸಿದಳು. ಅವಳ ಮುಖ ಬಿಗಿಯಿತು. ಪಕ್ಕಕ್ಕೆ ಬಂದು, ವಿಶಾಲಮ್ಮನ ಕುರ್ಚಿಯ ಹತ್ತಿರವೇ ನಿಂತು, ಕಲ್ಲು ಕಳಿಸುವ ಅಂಜನಪ್ಪನಿಗೆ ಫೋನ್ ಮಾಡಿದಳು.

"ಅಂಜನಪ್ಪ, ಕಲ್ಲು ಹೊಳೀಲಿ ಅಂತ ಎಣ್ಣೆ ಹಚ್ಚಿ ಕಳ್ಸಿದ್ದೀರಾ?"

"ಎಣ್ಣೆನಾ?" ಫೋನಿನೊಳಗಿನ ದನಿ ಹೊರಗೂ ಕೇಳುವಷ್ಟು ಜೋರಾಗಿತ್ತು. "ಒಗ್ಗರಣೆಗೆ ಹಾಕಕ್ಕೇ ನಮ್ಮನೇಲಿ ಯೋಚ್ನೆ ಮಾಡ್ತಾರೆ ಮೇಡಂ, ಕಲ್ಲಿಗೆ ಯಾರು ಹಚ್ತಾರೆ?"

"ಸುಳ್ಳು ಹೇಳ್ಬೇಡಿ. ನನ್ನ ಕ್ಲಾಸೆಲ್ಲ ಹಾಳಾಯ್ತು. ಇನ್ಮೇಲೆ ನಿಮ್ಮ ಹತ್ರ ತಗೊಳ್ಳೋದೇ..."

ವಿಶಾಲಮ್ಮ ಎದ್ದು ಅವಳ ಮೊಣಕೈ ಹಿಡಿದಳು. "ಅವರನ್ನ ಬೈಬೇಡಮ್ಮ. ಹಚ್ಚಿದ್ದು ನಾನು."

ಶರಣ್ಯ ಫೋನ್ ಇಳಿಸಿದಳು. ಮಕ್ಕಳೂ ತಿರುಗಿ ನೋಡಿದರು.

"ಧೂಳಾಗಿತ್ತು," ಎಂದಳು ವಿಶಾಲಮ್ಮ. "ಚೆನ್ನಾಗಿ ಕಾಣ್ಲಿ ಅಂತ."

"ಅಜ್ಜಿ ಕಲ್ಲಿಗೆ ಎಣ್ಣೆಸ್ನಾನ ಮಾಡ್ಸಿದ್ದಾರೆ!" ಎಂದು ಕನ್ನಡಕದ ಹುಡುಗಿ ಕೂಗಿದಳು. ಮತ್ತೆ ನಗು. ಅದರಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ಯಶಶ್ರೀ ನಗಲಿಲ್ಲ. ಜಮಖಾನದ ದಾರ ಕೀಳುತ್ತ ತಲೆ ಬಗ್ಗಿಸಿಕೊಂಡಳು.

"ಸೋಮವಾರದ ಬಾಕ್ಸಿಗೆ?" ಎಂದು ಶರಣ್ಯ ಮೆಲ್ಲಗೆ ಕೇಳಿದಳು.

"ಅವಕ್ಕೂ."

ಶರಣ್ಯ ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದಳು. ಬೈಯಲಿಲ್ಲ. "ಇರ್ಲಿ ಆಂಟಿ. ಅದನ್ನೆಲ್ಲ ನಾನು ಮೇಲೆ ತಗೊಂಡು ಹೋಗಿ ಹೇಗಾದ್ರೂ ಮಾಡ್ಕೋತೀನಿ. ನೀವಿನ್ನು ರೆಸ್ಟ್ ತಗೊಳ್ಳಿ."

ರೆಸ್ಟ್ ತಗೊಳ್ಳಿ ಎಂದು ಅವಳಿಗೆ ಯಾರೂ ಹೇಳಿದ್ದಿಲ್ಲ. ಬಾಣಂತನದಲ್ಲೂ ಇಲ್ಲ, ಜ್ವರದಲ್ಲೂ ಇಲ್ಲ. ಕೇಳಬೇಕೆಂದು ಎಷ್ಟೋ ಸಲ ಆಸೆಪಟ್ಟ ಮಾತು ಬಂದದ್ದು ಈಗ, ಕೆಲಸ ಕಿತ್ತುಕೊಳ್ಳುವ ಹೊತ್ತಿಗೆ.

ಆಟೋದಲ್ಲಿ ಯಶಶ್ರೀ ಹೊರಗೆ ನೋಡುತ್ತ ಕೂತಳು. ರಾಮಕೃಷ್ಣ ಆಶ್ರಮದ ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದಳು: "ಅಜ್ಜಿ, ಹಚ್ಚೋ ಮುಂಚೆ ನನ್ನ ಒಂದ್ ಮಾತು ಕೇಳ್ಬಹುದಿತ್ತಲ್ವಾ?"

"ಕೇಳ್ಬಹುದಿತ್ತು ಕಣೆ."

"ನಂಗೆ ಗೊತ್ತಿತ್ತು. ಎಣ್ಣೆ ಮೇಲೆ ವಿನೆಗರ್ ನಿಲ್ಲಲ್ಲ."

"ಹೂಂ."

ಮಗು ಅಜ್ಜಿಯ ರೇಷ್ಮೆ ಸೆರಗಿಗೆ ತಲೆ ಒರಗಿಸಿತು. ಆ ಸೆರಗೂ ಎಳ್ಳೆಣ್ಣೆ ವಾಸನೆ ಹೊಡೆಯುತ್ತಿತ್ತು.

ಮನೆಗೆ ಬಂದು ಅವಳು ಸೀರೆ ಬದಲಿಸಿ, ಕಾಫಿ ಬೆರೆಸಿ ಕೊಡುವಷ್ಟರಲ್ಲಿ ರಾಮಾಂಜಿನಪ್ಪನಿಗೆ ಮೊಮ್ಮಗಳಿಂದ ಎಲ್ಲ ಗೊತ್ತಾಗಿತ್ತು. ಅವನು ಕೆಟ್ಟ ಮನುಷ್ಯನಲ್ಲ. ಹಗ್ಗದ ಅಂಗಡಿಯಲ್ಲಿ ಒಂದು ಆಯಸ್ಸು ಕೂತು, ಈಗ ಅದನ್ನು ಮಗನಿಗೆ ಬಿಟ್ಟು ಮನೆಯಲ್ಲಿದ್ದ. ಹೆಂಡತಿಯ ಸಪ್ಪೆ ಮುಖ ಅವನಿಂದ ನೋಡಲಾಗಲಿಲ್ಲ. ಅವನಿಗೆ ಗೊತ್ತಿದ್ದ ಸಮಾಧಾನ ಒಂದೇ.

"ಹೋಗ್ಲಿ ಬಿಡೇ. ಒಳ್ಳೇದೇ ಆಯ್ತು. ಈ ವಯಸ್ಸಲ್ಲಿ ನಿಂಗ್ಯಾಕೆ ಈ ಕಲ್ಲಿನ ಸಾವಾಸ? ಉಳಿದಿದ್ದ ಚೀಲ ವಾಪಸ್ ಕೊಟ್ಬಿಡು. ಮೇಜೂ ಖಾಲಿಯಾಗುತ್ತೆ."

ಪಾತ್ರೆ ತೊಳೆಯುತ್ತಿದ್ದ ವಿಶಾಲಮ್ಮ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಸಾರಿಗೆ ಉಪ್ಪು ಜಾಸ್ತಿ ಆಗಿದ್ದು ನೆನಪಿದ್ಯಾ ನಿಮಗೆ?"

"ಯಾವಾಗ?"

"ಯಾವಾಗ್ಲೋ. ಎಷ್ಟೋ ಸಲ. ಅನ್ನ ಸೀದಿದೆ, ಹಾಲು ಉಕ್ಕಿದೆ, ಮೊಸರು ಹುಳಿಯಾಗಿದೆ. ನಿಮ್ಮಪ್ಪ ತಟ್ಟೆ ತಳ್ಳಿದ್ದಾರೆ. ಅವಾಗ ಯಾರಾದ್ರೂ, ಹೋಗ್ಲಿ ಬಿಡು ವಿಶಾಲೂ, ನಿನ್ ಕೈಲಾಗಲ್ಲ, ಇನ್ಮೇಲೆ ಅಡುಗೆ ಬಿಟ್ಬಿಡು ಅಂದ್ರಾ?"

ರಾಮಾಂಜಿನಪ್ಪ ಕಾಫಿ ಲೋಟ ಕೈಯಲ್ಲೇ ಹಿಡಿದು ಕೂತ.

"ಅಂದಿದ್ರೆ ಸಂತೋಷವಾಗಿ ಬಿಡ್ತಿದ್ದೆ," ಎಂದಳು. "ಅದನ್ನ ಕೆಡಿಸಿದ್ರೆ ನಾಳೆ ಸರಿಯಾಗ್ ಮಾಡು ಅಂತೀರಿ. ಇದನ್ನ ಒಂದ್ಸಲ ಕೆಡಿಸಿದ್ರೆ ಬಿಟ್ಬಿಡು ಅಂತೀರಿ. ಇದು ಹ್ಯಾಗೆ?"

ಉತ್ತರಕ್ಕೆ ಕಾಯಲಿಲ್ಲ. ಹೊರಗಿನ ಮೆಟ್ಟಿಲುಗಳನ್ನು, ಮಂಡಿ ಹಿಡಿದುಕೊಂಡು, ಗೋಡೆಗೆ ಕೈ ಕೊಟ್ಟು ಹತ್ತಿದಳು. ಶರಣ್ಯ ಬಾಗಿಲು ತೆರೆದಾಗ ಅವಳ ಹಿಂದೆ ಪೆಟ್ಟಿಗೆಗಳು ರಾಶಿಬಿದ್ದಿದ್ದವು, ಒಂದು ಬಕೆಟ್ಟಿನಲ್ಲಿ ಪಾತ್ರೆ ತೊಳೆಯುವ ಸೋಪಿನ ನೊರೆ.

"ಸೋಪು ಹಾಕಿದ್ಯಾ?"

"ಹೋಗ್ತಿಲ್ಲ ಆಂಟಿ. ಇನ್ನೂ ಜಾರ್ತಿದೆ."

"ತಣ್ಣೀರಲ್ಲಿ ಹೋಗುತ್ತಾ ಎಳ್ಳೆಣ್ಣೆ? ಎಣ್ಣೆಸ್ನಾನ ಆದ್ಮೇಲೆ ತಲೆಗೆ ಏನ್ ಹಾಕ್ತಾರೆ?"

"ನಾನು ಶಾಂಪೂ ಹಾಕ್ಕೋತೀನಿ."

"ನಿಂಗೆ ಗೊತ್ತಿಲ್ಲ ಬಿಡು. ಎಲ್ಲಾ ಕೆಳಗೆ ಕಳ್ಸು. ಹಚ್ಚಿದವಳೇ ತೆಗೀತೀನಿ. ಆದ್ರೆ ಈ ಸಲ ಪ್ರತಿಯೊಂದೂ ನಿನ್ನ ಕೇಳಿ ಮಾಡ್ತೀನಿ. ಕೆಟ್ಟಿದ್ದನ್ನ ಸರಿಮಾಡೋಕೂ ಬಿಡ್ದೆ ರೆಸ್ಟ್ ತಗೊಳ್ಳಿ ಅನ್ಬೇಡಮ್ಮ."

ಶರಣ್ಯ ಕೈಯ ನೊರೆ ಒರೆಸಿಕೊಂಡಳು. ಆಮೇಲೆ ಒಂದು ಪೆಟ್ಟಿಗೆ ಎತ್ತಿಕೊಂಡಳು. "ಮೊದಲು ಒಂದೇ ಒಂದು ಕಲ್ಲು ತೊಳೆದು ನೋಡೋಣ. ಅದು ಸರಿಹೋದ್ರೆ ಉಳಿದಿದ್ದು."

"ಅದೇ ಸರಿ."

ಭಾನುವಾರ ಮನೋಹರ, ತೇಜಶ್ರೀ ಬೆಳಗ್ಗೆಯೇ ಮದುವೆಗೆಂದು ಕನಕಪುರಕ್ಕೆ ಹೊರಟರು. ಹೊರಡುವ ಮುಂಚೆ ತೇಜಶ್ರೀ ಹಂಡೆಗೆ ನೀರು ತುಂಬಿ ಒಲೆ ಹಚ್ಚಿ, ಸೀಗೇಪುಡಿಯ ಡಬ್ಬ ಹಿತ್ತಲಲ್ಲಿಟ್ಟು ಹೋದಳು. ಹೇಳದೆ ಮಾಡುವುದನ್ನು ಅವಳೂ ಆ ಮನೆಯಲ್ಲೇ ಕಲಿತಿದ್ದಳು.

ಒಗೆಯುವ ಕಲ್ಲಿನ ಮುಂದೆ ವಿಶಾಲಮ್ಮ ನಿಂತಳು. ಮೊದಲ ಕಲ್ಲನ್ನು ಬಿಸಿನೀರಿನಲ್ಲಿ ಅದ್ದಿ, ಸೀಗೇಪುಡಿ ಹಾಕಿ ತೆಂಗಿನ ನಾರಿನಿಂದ ಉಜ್ಜಿ ತೊಳೆದಳು. ಬಿಸಿಲಲ್ಲಿ ಆರಿದ ಮೇಲೆ ಶರಣ್ಯ ಅದನ್ನು ಟೈಲ್ಸಿನ ಮೇಲೆ ಗೀಚಿದಳು. ಅದು ಬಳ್ಳಾರಿ ಕಡೆಯ ಕಬ್ಬಿಣದ ಅದಿರು. ಕರ್ರಗಿನ ಕಲ್ಲು ಎಳೆದ ಗೆರೆ ಕುಂಕುಮದಂತೆ ಕೆಂಪಗೆ ಮೂಡಿತು.

"ಬಂತು!" ಯಶಶ್ರೀ ಕುಣಿದಳು.

"ಈಗ ಇದು?" ವಿಶಾಲಮ್ಮ ಇನ್ನೊಂದನ್ನು ಎತ್ತಿ ತೋರಿಸಿದಳು.

"ಅಯ್ಯೋ, ಅದು ಕಲ್ಲುಪ್ಪು ಆಂಟಿ, ಸೈಂಧವ ಲವಣ. ನೀರಿಗೆ ಹಾಕಿದ್ರೆ ಕರಗಿಹೋಗುತ್ತೆ."

"ನೋಡು, ಕೇಳಿದ್ದು ಒಳ್ಳೇದಾಯ್ತು. ಹಾಗಾದ್ರೆ ಕಡ್ಲೆಹಿಟ್ಟು?"

ಉಪ್ಪಿನ ಹರಳುಗಳಿಗೆ ಕಡಲೆಹಿಟ್ಟು ಹಚ್ಚಿ ಒಣಗಿಸಿ ಒರೆಸಿದ್ದಾಯಿತು. ಪದರ ಪದರವಾಗಿ ಹೊಳೆಯುವ ಕಾಗೆಬಂಗಾರದ ಚೂರುಗಳನ್ನು ಉಜ್ಜಿದರೆ ಸಿಪ್ಪೆ ಏಳುತ್ತದೆಂದು ಮೆತ್ತಗೆ ಅದ್ದಿ ತೆಗೆದದ್ದಾಯಿತು. ಮೊಂಡು ಹಿಡಿದದ್ದು ಸುಣ್ಣಕಲ್ಲು ಮಾತ್ರ. ಎಣ್ಣೆ ಅದರೊಳಕ್ಕೇ ಇಳಿದುಬಿಟ್ಟಿತ್ತು. ತೊಳೆದಷ್ಟೂ ಹನಿ ಜಾರುತ್ತಲೇ ಇತ್ತು. ಶರಣ್ಯ ಬೆವರು ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತಳು. ಅದಿಲ್ಲದಿದ್ದರೆ ಪೆಟ್ಟಿಗೆಯೇ ಇಲ್ಲ. ಮಕ್ಕಳು ಕಾಯುವುದೇ ಆ ನೊರೆಗೆ.

ವಿಶಾಲಮ್ಮ ಕಲ್ಲನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿದಳು. "ಇದನ್ನ ಒಡೆದ್ರೆ? ಒಳಗಿನ ಮುಖಕ್ಕೆ ನಾನು ಎಣ್ಣೆ ಹಚ್ಚಿಲ್ವಲ್ಲ. ಕೇಳ್ತಿದೀನಿ ಅಷ್ಟೇ."

ಶರಣ್ಯ ತಲೆ ಎತ್ತಿದಳು. "ಒಡೀರಿ. ಕಣ್ಣಿಗೆ ಚೂರು ಹಾರದ ಹಾಗೆ ಬಟ್ಟೆ ಮುಚ್ಕೊಂಡು ಒಡೀರಿ."

ಗೋಣಿಯ ತುಂಡು ಮುಚ್ಚಿ, ಒಲೆಯ ಪಕ್ಕದ ಕಬ್ಬಿಣದ ಕುಟ್ಟಾಣಿಯಿಂದ ಅವಳು ಕುಟ್ಟಿದಳು. ಕಲ್ಲು ಎರಡಾಗಿ, ಬೆಣ್ಣೆಯಷ್ಟು ಬಿಳಿಯ ಹೊಸ ಮುಖ ತೋರಿಸಿತು. ಯಶಶ್ರೀ ಉಸಿರು ಬಿಗಿಹಿಡಿದು ಹನಿ ಬಿಟ್ಟಳು. ಬುಸ್ಸೆಂದು ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಮೂವರೂ ಅದರ ಮೇಲೆ ತಲೆ ಕೂಡಿಸಿ, ಗುಳ್ಳೆಗಳು ಪೂರ್ತಿ ಆರುವ ತನಕ ನೋಡಿದರು.

ತೊಳೆದ, ಒಡೆದ ಕಲ್ಲುಗಳೆಲ್ಲ ಮೇಜಿಗೆ ಬಂದವು. ಮತ್ತೆ ಬೆರೆಯಬಾರದಲ್ಲ, ಬಗೆಗೊಂದು ತಟ್ಟೆ. ಮನೆಯ ಸ್ಟೀಲಿನ ಊಟದ ತಟ್ಟೆಗಳು ಮುಗಿದು, ಬೋಗುಣಿಗಳು ಮುಗಿದು, ಇಡ್ಲಿ ಪಾತ್ರೆಯ ತಟ್ಟೆಗಳೂ ಮೇಜು ಸೇರಿದವು. ಅಷ್ಟು ಹೊತ್ತಿಗೆ ರಾಮಾಂಜಿನಪ್ಪ ಪೇಪರ್ ಮಡಿಸಿದ.

"ಊಟಕ್ಕೆ..." ಎಂದು ಶುರುಮಾಡಿ ಮೇಜಿನ ಕಡೆ ನೋಡಿದ. ಒಂದು ಲೋಟ ಇಡುವಷ್ಟೂ ಜಾಗವಿರಲಿಲ್ಲ.

"ಇವತ್ತು ಇದನ್ನ ಎತ್ತಲ್ಲ," ಎಂದಳು ವಿಶಾಲಮ್ಮ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು, ಇಷ್ಟು ಚಿಕ್ಕ ಮಾತೇ ಅದು? "ಸಂಜೆವರೆಗೂ ಹೀಗೇ ಇರ್ಬೇಕು. ನಾಳೆ ಬೆಳಗ್ಗೆಗೆ ಹೋಗ್ಬೇಕು ಇದು. ಅಕ್ಕಿ ಡಬ್ಬದಲ್ಲಿದೆ. ನಿನ್ನೆ ಸಾರು ಫ್ರಿಜ್ಜಲ್ಲಿದೆ."

"ನಾನಾ?"

"ಮತ್ತೆ ನಾನು ಕಲ್ಲು ಬೇಯಿಸ್ಲಾ?"

ಅವನು ಅಡುಗೆಮನೆಗೆ ಹೋದ. ಡಬ್ಬಗಳು ತೆರೆದು ಮುಚ್ಚುವ ಸದ್ದು ಬಹಳ ಹೊತ್ತು ಕೇಳಿತು. "ಎಷ್ಟು ನೀರೇ?" ಎಂದು ಒಳಗಿನಿಂದ ಕೂಗಿದ. "ಅಕ್ಕಿಗೆ ಎರಡರಷ್ಟು!" ಎಂದು ಹೊರಗಿನಿಂದ ಕೂಗಿದಳು. ಕುಕ್ಕರ್ ಕೂಗಿತು, ಇನ್ನೊಮ್ಮೆ ಕೂಗಿತು, ಕೂಗುತ್ತಲೇ ಹೋಯಿತು. ಯಾವಾಗ ಆರಿಸಬೇಕೆಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಆಮೇಲೆ ತಟ್ಟೆ ಹುಡುಕಿ ಸಿಗದೆ, ಚಪ್ಪಲಿ ಮೆಟ್ಟಿಕೊಂಡು ಮೂಲೆಯ ಹೂವಿನ ಅಂಗಡಿಯಿಂದ ಬಾಳೆಎಲೆ ತಂದ.

ತಾತ, ಮೊಮ್ಮಗಳು, ಶರಣ್ಯ ನೆಲದ ಮೇಲೆ ಎಲೆ ಹಾಕಿಕೊಂಡು ಕೂತರು. ಮಂಡಿ ಬಗ್ಗದ ವಿಶಾಲಮ್ಮ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಮೊರ ಇಟ್ಟು, ಅದರಲ್ಲಿ ಎಲೆ ಹಾಸಿಕೊಂಡಳು. ಬಡಿಸಿದ್ದು ರಾಮಾಂಜಿನಪ್ಪ. ಅನ್ನ ಎನ್ನುವುದು ಅಂಟಿನ ಮುದ್ದೆಯಾಗಿ ಸೌಟಿನಿಂದ ಬೀಳಲೊಲ್ಲದೆ ನೇತಾಡಿತು.

"ತಾತ, ಇದು ಯಾವ ಕಲ್ಲು?" ಎಂದಳು ಯಶಶ್ರೀ. ಶರಣ್ಯಳಿಗೆ ನಗು ತಡೆಯಲು ನೀರು ಕುಡಿಯಬೇಕಾಯಿತು.

ಅವನು ಹೆಂಡತಿಯ ಮುಖ ನೋಡಿದ. ಅವಳು ಸಾರು ಕಲೆಸಿ ಒಂದು ತುತ್ತು ತಿಂದು, ನಿಧಾನವಾಗಿ ನುಂಗಿದಳು.

"ಪರವಾಗಿಲ್ಲ," ಎಂದಳು. "ಒಂದ್ಸಲ ಕೆಟ್ತು ಅಂತ ಬಿಟ್ಬಿಡಬೇಡಿ."

ರಾಮಾಂಜಿನಪ್ಪ ತಾನೂ ಒಂದು ತುತ್ತು ಹಾಕಿಕೊಂಡ. ಅಗಿಯಲು ಏನೂ ಇರಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮೇಜಿನ ಮೇಲೆ ತಟ್ಟೆಗಳು ಬೆಳಗ್ಗೆ ಇಟ್ಟಲ್ಲೇ ಇದ್ದವು. ವಿಶಾಲಮ್ಮ ತುಂಬಿದಳು, ಯಶಶ್ರೀ ಪ್ರತಿ ಪೆಟ್ಟಿಗೆಯಿಂದ ಒಂದೊಂದು ಕಲ್ಲು ತೆಗೆದು ಪರೀಕ್ಷೆ ಮಾಡಿದಳು, ಶರಣ್ಯ ಮುಚ್ಚಳ ಅಂಟಿಸಿದಳು. ಎಲ್ಲಿಯೂ ಗಂಟು ಕಟ್ಟುವ ಪ್ರಸಂಗ ಬರಲಿಲ್ಲ. ಕೊನೆಯ ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲ ಹತ್ತಿರ ಹೋದ ಶರಣ್ಯ ತಿರುಗಿ ನಿಂತಳು.

"ಆಂಟಿ, ಬುಧವಾರ ಹೊಸ ಚೀಲ ಬರುತ್ತೆ. ಇಲ್ಲೇ ಇಳಿಸ್ಲಾ?"

"ಇಳ್ಸು."

"ಎಳ್ಳೆಣ್ಣೆ ಡಬ್ಬ ಮಾತ್ರ ನಮ್ಮ ಮನೇಲಿರ್ಲಿ."

"ತಗೊಂಡ್ ಹೋಗು. ನಿನ್ನ ತಲೆಗಾದ್ರೂ ಹಚ್ಕೋ, ಹೇಗಾಗಿದೆ ನೋಡು."

ಅಂಜನಪ್ಪನಿಗೆ ಶರಣ್ಯ ಫೋನ್ ಮಾಡಿ ಕ್ಷಮೆ ಕೇಳಿದಳು. ಅವನು ಚೀಲದ ಜೊತೆ ಒಂದು ದೊಡ್ಡ ಕಾಗೆಬಂಗಾರದ ತುಂಡು ಕಳಿಸಿದ, ಎಣ್ಣೆ ಅಜ್ಜಿಗೆ ಕೊಡಿ ಎಂದು.

ಬುಧವಾರ ವಿಶಾಲಮ್ಮ ಮೇಜು ಒರೆಸಿದಳು. ಹಳೇ ಸೀರೆಯನ್ನು ಹಾಸಲಿಲ್ಲ, ತಟ್ಟೆಗಳನ್ನೇ ತಂದು ಸಾಲಾಗಿ ಇಟ್ಟು ಕಲ್ಲು ಸುರಿದುಕೊಂಡಳು. ಕಿಟಕಿಯ ಬಿಸಿಲು ಬೆಣಚುಕಲ್ಲಿನಿಂದ ಕಾಗೆಬಂಗಾರಕ್ಕೆ, ಅಲ್ಲಿಂದ ಬಳಪದ ಕಲ್ಲಿಗೆ ಸರಿಯುತ್ತ ಹೋಯಿತು. ಧೂಳು ಧೂಳಾಗಿಯೇ ಇತ್ತು. ಇರಲಿ, ಗೀಚುವ ಮಕ್ಕಳೇ ಒರೆಸಿಕೊಳ್ಳಲಿ ಎಂದುಕೊಂಡಳು.

ಮಧ್ಯಾಹ್ನ ಪೇಪರ್ ಮಡಿಸಿದ ಸದ್ದಾಯಿತು. ಅವಳ ಕೈ ಅಭ್ಯಾಸಬಲದಿಂದ ತಟ್ಟೆಯ ಅಂಚಿಗೆ ಹೋಗಿ ನಿಂತಿತು. ರಾಮಾಂಜಿನಪ್ಪ ಮೇಜಿನ ಹತ್ತಿರ ಬಂದು, ಗುಡ್ಡೆಗಳನ್ನು ಒಮ್ಮೆ ನೋಡಿ, ಚಪ್ಪಲಿ ಹುಡುಕುತ್ತ ಕೇಳಿದ:

"ಎಲೆ ತರ್ಲಾ?"

ಅವಳು ತಲೆ ಎತ್ತಲಿಲ್ಲ. ಬೆಳಕಿಗೆ ಹಿಡಿದಿದ್ದ ಕಲ್ಲನ್ನು ಅದರ ತಟ್ಟೆಗೆ ಹಾಕಿದಳು.

"ತನ್ನಿ. ಕುಕ್ಕರ್ ಮೂರು ಸಲ ಕೂಗಿದ ತಕ್ಷಣ ಆರಿಸಿ ಈ ಸಲ."